ಸೂರಕ್ಕಿ ಮರಿಗೆ ಜೇನುನೀರು ಬೇಡ

ಬಾಲ್ಕನಿಯಲ್ಲಿ ಬಿದ್ದ ಹಮ್ಮಿಂಗ್‌ಬರ್ಡ್ ಮರಿಗೆ ಜೇನುನೀರು ಕುಡಿಸಿ ಅಂತ ಒಂದು ಲೇಖನದಲ್ಲಿ ಬರೆದಿದ್ದಾರೆ. ದಯವಿಟ್ಟು ಬೇಡ. ಹಮ್ಮಿಂಗ್‌ಬರ್ಡ್ ಇರೋದು ಅಮೆರಿಕ ಖಂಡಗಳಲ್ಲಿ ಮಾತ್ರ. ಬೆಂಗಳೂರಲ್ಲಿ ಬಟ್ಟೆ ತಂತಿಗೆ ಜೇಡರ ಬಲೆಯಿಂದ ಹೆಣೆದ ಚೀಲದಂಥ ಗೂಡು ಕಟ್ಟೋದು ಸೂರಕ್ಕಿ (ಸನ್‌ಬರ್ಡ್). ಅದು ಮರಿಗೆ ತಿನ್ನಿಸೋದು ಹೆಚ್ಚಾಗಿ ಜೇಡ, ಸಣ್ಣ ಹುಳು. ಬಾಯಿಗೆ ನೀರು ಹನಿಸಿದರೆ, ನಾಲಿಗೆಯ ಬುಡದಲ್ಲೇ ಇರುವ ಶ್ವಾಸನಾಳದ ರಂಧ್ರಕ್ಕೆ ಇಳಿದು ಮರಿಗೆ ಉಸಿರುಕಟ್ಟಬಹುದು.

ಗರಿ ಮೂಡಿಲ್ಲದಿದ್ದರೆ ಗೂಡಿಗೇ ವಾಪಸ್ ಇಡಿ. ಮನುಷ್ಯರು ಮುಟ್ಟಿದರೆ ತಾಯಿ ಬಿಟ್ಟುಹೋಗುತ್ತೆ ಅನ್ನೋದು ಸುಳ್ಳು. ಗೂಡು ಹರಿದಿದ್ದರೆ ತಳ ತೂತು ಮಾಡಿದ ಸಣ್ಣ ಡಬ್ಬಿಗೆ ಟಿಶ್ಯೂ ಹಾಸಿ, ಮರಿಯನ್ನಿಟ್ಟು ಅದೇ ಜಾಗದಲ್ಲಿ ಕಟ್ಟಿ, ತಾಯಿ ಬರುತ್ತಾ ಅಂತ ಮನೆಯೊಳಗಿನಿಂದ ಒಂದು ಗಂಟೆ ಗಮನಿಸಿ. ಗರಿ ತುಂಬಿದ ಮೋಟು ಬಾಲದ ಮರಿಯನ್ನು ಹತ್ತಿರದ ಗಿಡದಲ್ಲಿ ಕೂರಿಸಿದರೆ ಸಾಕು.

ಬೆಕ್ಕು ಬಾಯಿ ಹಾಕಿದ್ದರೆ ಮಾತ್ರ ಕಾಯಲೇಬೇಡಿ, ಗಾಯ ಕಾಣದಿದ್ದರೂ ನಂಜೇರುತ್ತೆ. ತೂತಿರುವ ರಟ್ಟಿನ ಡಬ್ಬಿಯಲ್ಲಿಟ್ಟು ಕೆಂಗೇರಿಯ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆಗೆ ಒಯ್ಯಿರಿ.