ಯಾವ ದೇವರು ಅಂತ ಗೊತ್ತಿಲ್ಲವಂತೆ

"ದೇವರು ಯಾರು ಅಂತಲೇ ಗೊತ್ತಿಲ್ಲದೆ ಒಳಗೆ ತಂದು ನಿಲ್ಲಿಸಿದ್ದಾರಾ?"

ಅಮ್ಮ ಹೀಗೆ ಕೇಳಿದ್ದು ಅಥೆನ್ಸಿನ ರಾಷ್ಟ್ರೀಯ ಪುರಾತತ್ವ ಮ್ಯೂಸಿಯಮ್ಮಿನಲ್ಲಿ, ಆರ್ಟೆಮಿಸಿಯಾನಿನ ಕಂಚಿನ ದೇವರ ಎದುರು ನಿಂತು. ಹನ್ನೊಂದು ವರ್ಷದಿಂದ ನಾನು ಈ ಊರಲ್ಲಿದ್ದೇನೆ, ಬಂದರಿನ ಹಡಗು ಕಚೇರಿಯೊಂದರಲ್ಲಿ ಕೆಲಸ. ಮಂಗಳೂರಿಂದ ಯಾರೇ ಬಂದರೂ ಮೊದಲು ಕರೆದುಕೊಂಡು ಹೋಗುವುದು ಇವನ ಹತ್ತಿರಕ್ಕೆ. ನಾನೇ ಎರಕ ಹೊಯ್ದವನ ಹಾಗೆ ಬೀಗಿಕೊಂಡು ತೋರಿಸುತ್ತೇನೆ. ಅವತ್ತೂ ಅದೇ ಧಾಟಿಯಲ್ಲಿ ಹೇಳುತ್ತಿದ್ದೆ: ಬಲಗೈಯಲ್ಲಿದ್ದ ಆಯುಧ ಕಳೆದುಹೋಗಿದೆ, ಅದು ಸಿಡಿಲಾಗಿದ್ದರೆ ಇವನು ಜೀಯಸ್, ತ್ರಿಶೂಲವಾಗಿದ್ದರೆ ಕಡಲ ದೇವರು ಪೊಸೈಡನ್, ಪಂಡಿತರು ಹೆಚ್ಚಾಗಿ ಜೀಯಸ್ ಕಡೆಗೇ ವಾಲುತ್ತಾರೆ. ಅಮ್ಮನ ಪ್ರಶ್ನೆ ಬಿದ್ದದ್ದೇ ನನ್ನ ಗೈಡ್‌ಗಿರಿ ಅಲ್ಲಿಗೆ ನಿಂತಿತು.

ಎತ್ತರ 2.09 ಮೀಟರ್. ಕ್ರಿ.ಪೂ. 460ರ ಆಸುಪಾಸಿನ ಕೆಲಸ. 1926ರಲ್ಲಿ ಯೂಬಿಯಾ ದ್ವೀಪದ ಉತ್ತರದ ಕಡಲಲ್ಲಿ ಮೊದಲು ಒಂದು ಕೈ ಸಿಕ್ಕಿತು, 1928ರಲ್ಲಿ ಉಳಿದ ಮೈ. ಎಡಗೈ ಮುಂದೆ ಚಾಚಿದೆ, ಬಲಗೈ ಹಿಂದಕ್ಕೆ ಹೋಗಿದೆ, ಹಿಂದಿನ ಕಾಲಿನ ಹಿಮ್ಮಡಿ ನೆಲ ಬಿಟ್ಟಿದೆ. ಕಣ್ಣಿದ್ದ ಜಾಗದಲ್ಲಿ ಎರಡು ಗುಳಿ. ಬೇರೆ ಮಾಡಿ ಕೂರಿಸಿದ್ದ ಕಣ್ಣುಗಳನ್ನು ಸಮುದ್ರ ತಿಂದಿದೆ.

ನನಗೆ ಇವನು ಹಿಡಿಸಿದ್ದಕ್ಕೆ ಕಾರಣ ಬಹಳ ಸಣ್ಣದು. ಇವನ ಸುತ್ತ ಬರಬಹುದು. ನಮ್ಮಲ್ಲಿ ಪ್ರದಕ್ಷಿಣೆ ಅಂದರೆ ಗೋಡೆಗೆ ಸುತ್ತು ಬರುವುದು, ದೇವರ ಬೆನ್ನು ಕಂಡವರು ಭಟ್ಟರು ಮಾತ್ರ. ಇಲ್ಲಿ ಬೆನ್ನಿನ ನಡುವಿನ ಗೆರೆ, ಕುತ್ತಿಗೆಯ ಮೇಲೆ ಹೆಣೆದು ತಲೆಗೆ ಸುತ್ತಿದ ಜಡೆ, ಎಲ್ಲ ಕಾಣುತ್ತದೆ. ಆ ಜಡೆಯನ್ನು ನನಗಿಂತ ಮೊದಲು ಗುರುತಿಸಿದ್ದು ಅಮ್ಮನೇ. "ಎಷ್ಟು ಚಂದ ಹೆಣೆದಿದ್ದಾರೆ ಮಾರಾಯ" ಎಂದವರು ಮರುಕ್ಷಣವೇ, "ಹಾಗೇ ಒಂದು ಪಂಚೆ ಉಡಿಸಿದ್ದರೆ ಎಂತ ಆಗ್ತಿತ್ತು?" ಎಂದರು.

ಪಂಚೆ ಉಡಿಸಿದ್ದರೆ ಎಂತ ಆಗುತ್ತಿತ್ತು ಎಂದರೆ, ಮಂಗಳೂರಿನ ಕದ್ರಿ ದೇವಸ್ಥಾನದಲ್ಲಿ ಆದದ್ದೇ ಆಗುತ್ತಿತ್ತು. ಕದ್ರಿಯ ಲೋಕೇಶ್ವರನೂ ಕಂಚಿನವನೇ. 968ರಲ್ಲಿ ಆಳುಪರ ದೊರೆ ಕುಂದವರ್ಮ ಪ್ರತಿಷ್ಠೆ ಮಾಡಿಸಿದ್ದು, ಪೀಠದಲ್ಲೇ ಶಾಸನವಿದೆ. ಮೂರು ಮುಖ, ಆರು ಕೈ. ಚಡ್ಡಿ ಹಾಕುವ ಕಾಲದಿಂದ ನಾನು ಕೈ ಮುಗಿಯುತ್ತಾ ಬಂದ ಮೂರ್ತಿ. ಆದರೆ ಅವನ ಬೆರಳು ಹೇಗಿವೆ, ಕಿರೀಟದ ಕುಸುರಿ ಹೇಗಿದೆ ಎಂದು ಸರಿಯಾಗಿ ನೋಡಿದ್ದು ಅಥೆನ್ಸಿನಲ್ಲಿ ಕೂತು, ಫೋನಿನ ಪರದೆಯಲ್ಲಿ. ನಮ್ಮ ಯಾವ ದೇವಸ್ಥಾನದಲ್ಲೇ ಆಗಲಿ, ನೋಡಲು ಬಿಟ್ಟವರು ಯಾರು? ಅಲಂಕಾರ, ಹೂವು, ಹೊಗೆ, ಹಿಂದಿನವರ ಮೊಣಕೈ. ಮಂಗಳಾರತಿ ಎತ್ತಿದಾಗ ಮಿಂಚಿದಷ್ಟೇ ಮುಖ, ಅಷ್ಟರಲ್ಲಿ ನಾವು ಕಣ್ಣು ಮುಚ್ಚಿರುತ್ತೇವೆ. ದರ್ಶನ ಎಂಬ ಶಬ್ದ ಇಟ್ಟುಕೊಂಡು ಇಷ್ಟು ಕಡಿಮೆ ನೋಡುವ ಜನ ಬೇರೆ ಇಲ್ಲ ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಇಲ್ಲಿಯವರು ಕಂಚನ್ನು ನೋಡಿದರು, ನೋಡಿ ಯೋಚನೆಯನ್ನೂ ಮಾಡಿದರು. ಒಂದು ವಸ್ತು ಇರುವುದಕ್ಕೆ ಏನೇನು ಕಾರಣ ಎಂದು ಹೇಳಹೊರಟ ಅರಿಸ್ಟಾಟಲ್‌ಗೆ ಮೊದಲು ನೆನಪಾದ ಉದಾಹರಣೆ ಪ್ರತಿಮೆಯ ಕಂಚು. ಕಂಚು ಉಪಾದಾನ, ಅಂದರೆ ಮಾಡಲು ಬಳಸಿದ ಸಾಮಗ್ರಿ; ಶಿಲ್ಪಿ ನಿಮಿತ್ತ, ಅಂದರೆ ಮಾಡಿದವನು; ಜೊತೆಗೆ ಆಕಾರ, ಉದ್ದೇಶ, ಹೀಗೆ ನಾಲ್ಕು. ಇನ್ನೊಂದು ಕಡೆ ಅವನು ಒಂದು ಸೂಕ್ಷ್ಮ ಎತ್ತುತ್ತಾನೆ. ಯಾವುದರಿಂದ ಮಾಡಿದೆಯೋ ಅದರ ಹೆಸರನ್ನು ವಸ್ತುವಿಗೆ ನೇರವಾಗಿ ಇಡುವುದಿಲ್ಲ, ಸ್ವಲ್ಪ ಬದಲಿಸಿ ಇಡುತ್ತೇವೆ, ಪ್ರತಿಮೆಯನ್ನು ಮರ ಎನ್ನದೆ ಮರದ್ದು ಎನ್ನುತ್ತೇವೆ ಎಂದು. ಇದನ್ನು ಓದಿದ ದಿನ ಟ್ರಾಮಿನಲ್ಲಿ ಒಬ್ಬನೇ ನಕ್ಕಿದ್ದೆ. ಗ್ರೀಕನಿಗೆ ಒಂದು ಪ್ಯಾರಾ ಹಿಡಿದ ವಿಷಯವನ್ನು ನಮ್ಮ ಷಷ್ಠೀ ವಿಭಕ್ತಿ ಬಾಲ್ಯದಲ್ಲೇ ಕಲಿಸಿಬಿಟ್ಟಿತ್ತು: ಕಂಚು ಬೇರೆ, ಕಂಚಿನದು ಬೇರೆ.

ಆದರೆ ನಾವು ಅಲ್ಲಿಗೆ ನಿಲ್ಲುವುದಿಲ್ಲ. ಎರಕದ ಮನೆಯಲ್ಲಿರುವಾಗ ಅದು ಕಂಚು. ಮೇಣ ಕರಗಿ, ಮಣ್ಣು ಒಡೆದು ಹೊರಬಂದಾಗ ಕಂಚಿನ ಮೂರ್ತಿ. ಕಣ್ಣು ತೆರೆಸಿ ಪ್ರಾಣಪ್ರತಿಷ್ಠೆ ಆದ ಮೇಲೆ 'ಕಂಚಿನ' ಎಂಬುದೂ ಉದುರಿಹೋಗುತ್ತದೆ. "ದೇವರಿಗೆ ನೈವೇದ್ಯ ಆಯ್ತಾ?" ಎನ್ನುತ್ತೇವೆಯೇ ಹೊರತು ಮೂರ್ತಿಗೆ ಆಯ್ತಾ ಎಂದು ಯಾರೂ ಕೇಳುವುದಿಲ್ಲ. ನಾಲ್ಕು ಕಾರಣಗಳಲ್ಲಿ ಈ ಕೊನೆಯ ಹೆಜ್ಜೆಯನ್ನು ಎಲ್ಲಿಡಬೇಕು ಎಂದು ನಾನು ಸುಮಾರು ತಲೆ ಕೆಡಿಸಿಕೊಂಡಿದ್ದೇನೆ. ಎಲ್ಲೂ ಕೂರುವುದಿಲ್ಲ. ಅರಿಸ್ಟಾಟಲ್‌ಗಿಂತ ಮೊದಲೇ ಎಫೆಸಸ್ಸಿನ ತತ್ವಜ್ಞಾನಿ ಹೆರಾಕ್ಲಿಟಸ್, ಪ್ರತಿಮೆಗಳಿಗೆ ಪ್ರಾರ್ಥನೆ ಮಾಡುವವರು ಮನೆಗಳ ಜೊತೆ ಮಾತಾಡಿದ ಹಾಗೆ ಎಂದು ಗೇಲಿ ಮಾಡಿದ್ದ. ಹನ್ನೊಂದು ವರ್ಷದಿಂದ ನಾನು ಈ ಹೆರಾಕ್ಲಿಟಸ್ಸಿನ ಪಾರ್ಟಿ. ಊರಿಗೆ ಹೋದಾಗಲೆಲ್ಲ ಇವನನ್ನು ಮುಂದಿಟ್ಟುಕೊಂಡು ಜಗಳವಾಡಿದ್ದೇನೆ.

ಅಮ್ಮನ ಪ್ರಶ್ನೆ ಮಾತ್ರ ಮನೆಗೆ ಬಂದ ಮೇಲೂ ಬಿಡಲಿಲ್ಲ. ಮ್ಯೂಸಿಯಮ್ಮಿನ ಆ ಕಂಚಿನ ದೇವರ ಹೆಸರು ಯಾಕೆ ಮರೆತುಹೋಯಿತು? ಕರೆಯುವವರು ಇಲ್ಲವಾದರು, ಅದಕ್ಕೆ. ಗ್ರೀಸಿನಲ್ಲಿ ಒಂದು ಕಾಲಕ್ಕೆ ಸಾವಿರಗಟ್ಟಲೆ ಕಂಚಿನ ಪ್ರತಿಮೆಗಳಿದ್ದವು. ಕಂಚಿಗೆ ಯಾವತ್ತೂ ಬೆಲೆ ಇದ್ದೇ ಇರುತ್ತದಲ್ಲ, ದೊರೆ ಬದಲಾದಾಗ, ಮತ ಬದಲಾದಾಗ ಕರಗಿಸಿದರು. ದೊಡ್ಡವುಗಳಲ್ಲಿ ಉಳಿದದ್ದು ಹೆಚ್ಚಾಗಿ ಹಡಗಿನ ಜೊತೆ ಮುಳುಗಿದ್ದು, ಇಲ್ಲವೆ ಮಣ್ಣಡಿ ಹೂತುಹೋದದ್ದು. ಅಥೆನ್ಸಿನ ಬಂದರು ಪಿರೇಯಸ್ಸಿನಲ್ಲಿ 1959ರಲ್ಲಿ ಪೈಪು ಹಾಕಲು ರಸ್ತೆ ಅಗೆದಾಗ ಅಪೊಲೊ, ಅಥೀನಾ, ಆರ್ಟೆಮಿಸ್ ಎದ್ದು ಬಂದರು. ಕದ್ರಿಯ ಲೋಕೇಶ್ವರನಾದರೋ ಬೌದ್ಧರವನು, ಬೋಧಿಸತ್ವ. ಶಾಸನ ಹೇಳುವುದೂ ವಿಹಾರ ಎಂದೇ. ಬೌದ್ಧರು ಹೋದರು, ಅವನು ಮಂಜುನಾಥನ ಅಂಗಳದಲ್ಲೇ ಉಳಿದ. ನಾವೂ ಅವನನ್ನು ಯಾರೆಂದು ಸರಿಯಾಗಿ ತಿಳಿಯದೆಯೇ ದೀಪ ಇಟ್ಟೆವು, ಹೂವು ಏರಿಸಿದೆವು. ಆ ಹೂವಿನಡಿಯಲ್ಲೇ ಅವನ ಆರು ಕೈಗಳೂ ನೆಟ್ಟಗೆ ಉಳಿದವು. ಹೇಳಲು ನನಗೆ ಅಷ್ಟೇನೂ ಖುಷಿ ಇಲ್ಲ, ಆದರೂ ಇದ್ದದ್ದು ಇದ್ದ ಹಾಗೆ.

ಗ್ರೀಕರೆಲ್ಲ ಹೆರಾಕ್ಲಿಟಸ್‌ಗಳೂ ಆಗಿರಲಿಲ್ಲ. ಪೌಸಾನಿಯಸ್ ಎಂಬ ಯಾತ್ರಿಕ ಬರೆದಿಟ್ಟ ಕಥೆಯೊಂದನ್ನು ಅವತ್ತು ರಾತ್ರಿ ಅಮ್ಮನಿಗೆ ಹೇಳಿದೆ. ಥಾಸೊಸ್ ದ್ವೀಪದ ಥಿಯಾಜೆನಿಸ್ ದೊಡ್ಡ ಮುಷ್ಟಿಮಲ್ಲ. ಅವನು ಸತ್ತ ಮೇಲೆ ಅವನ ವೈರಿಯೊಬ್ಬ ರಾತ್ರಿ ರಾತ್ರಿ ಬಂದು ಅವನ ಕಂಚಿನ ಪ್ರತಿಮೆಗೆ ಚಾಟಿಯಿಂದ ಬಾರಿಸುತ್ತಿದ್ದ. ಒಂದು ರಾತ್ರಿ ಪ್ರತಿಮೆ ಅವನ ಮೇಲೇ ಬಿತ್ತು, ಸತ್ತ. ಮಕ್ಕಳು ಪ್ರತಿಮೆಯ ಮೇಲೆ ಕೊಲೆ ಕೇಸು ಹಾಕಿದರು. ಅಪರಾಧಿ ಎಂದು ತೀರ್ಮಾನವಾಗಿ ಅದನ್ನು ಕಡಲಿಗೆ ಎಸೆದರು. ಮರುಕಾಲಕ್ಕೆ ಬೆಳೆ ಇಲ್ಲ, ಊರಿಗೆ ಬರ. ದೇವವಾಣಿ ಕೇಳುವ ಕ್ಷೇತ್ರ ಡೆಲ್ಫಿಯಲ್ಲಿ ಪ್ರಶ್ನೆ ಇಟ್ಟು ನೋಡಿದರು, ಗಡೀಪಾರಾದವರನ್ನು ಕರೆಸಿಕೊಳ್ಳಿ ಎಂದು ಬಂತು. ಕರೆಸಿದರು, ಬರ ಹೋಗಲಿಲ್ಲ. ಮತ್ತೆ ಪ್ರಶ್ನೆ ಇಟ್ಟರೆ, ಥಿಯಾಜೆನಿಸ್‌ನನ್ನು ಮರೆತಿರಲ್ಲ ಎಂದಿತು ವಾಣಿ. ಕೊನೆಗೆ ಮೀನುಗಾರರ ಬಲೆಗೆ ಪ್ರತಿಮೆ ಸಿಕ್ಕಿತು. ಮೊದಲಿದ್ದ ಜಾಗದಲ್ಲೇ ನಿಲ್ಲಿಸಿ ದೇವರಿಗೆ ಕೊಡುವ ಹಾಗೆ ಬಲಿ ಕೊಡಲು ಶುರು ಮಾಡಿದರು.

ಅಮ್ಮ ಸೊಪ್ಪು ಬಿಡಿಸುತ್ತಾ ಕೇಳಿಸಿಕೊಂಡರು. "ಇದು ನಮ್ಮ ಭೂತಗಳ ಕಥೆ ಹಾಡುವ ಪಾಡ್ದನದ ಹಾಗೇ ಉಂಟಲ್ಲ. ಸತ್ತವನು ಜಾಗ ಕೇಳುವುದು, ಕೊಡದಿದ್ದರೆ ಉಪದ್ರ ಮಾಡುವುದು. ಇದಕ್ಕೆ ಇಷ್ಟು ದೂರ ಬರಬೇಕಿತ್ತಾ ನೀನು?" ನನ್ನಲ್ಲಿ ಉತ್ತರ ಇರಲಿಲ್ಲ. ಸಿಸಿಲಿಯಲ್ಲಿದ್ದ ಹೆರಾಕ್ಲೀಸ್ ಪ್ರತಿಮೆಯ ಬಾಯಿ, ಗದ್ದ ಭಕ್ತರು ಮುತ್ತಿಟ್ಟೇ ಸವೆದಿದ್ದವೆಂದು ರೋಮಿನ ಸಿಸೆರೊ ಬರೆದದ್ದನ್ನು ಹೇಳದೆ ನುಂಗಿಕೊಂಡೆ. ಹೇಳಿದ್ದರೆ ಅಭಿಷೇಕದಲ್ಲಿ ಮೂಗು ಸವೆದ ನಮ್ಮ ಉತ್ಸವಮೂರ್ತಿಗಳ ಸುದ್ದಿ ಬರುತ್ತಿತ್ತು, ನಾನು ಇನ್ನೂ ಸೋಲುತ್ತಿದ್ದೆ.

ಆ ಭಾನುವಾರ ಬಸ್ಸು ಹತ್ತಿ ಡೆಲ್ಫಿಗೆ ಹೋದೆವು. ಅಲ್ಲಿಯ ಮ್ಯೂಸಿಯಮ್ಮಿನಲ್ಲಿರುವುದು ರಥದವನು, 1896ರಲ್ಲಿ ಮಣ್ಣಿನಿಂದ ಎದ್ದವನು. ಆಳೆತ್ತರ, ಉದ್ದನೆಯ ನಿಲುವಂಗಿ, ನೆರಿಗೆಗಳು ಕಂಬದ ಗೆರೆಗಳ ಹಾಗೆ ನೇರ. ರಥದೊಳಗೆ ಮುಚ್ಚಿಹೋಗಲಿದ್ದ ಪಾದಗಳಲ್ಲೂ ನರ, ಉಗುರು ಬಿಡದೆ ಮಾಡಿದ್ದಾರೆ. ಇವನಿಗೆ ಕಣ್ಣುಗಳಿವೆ, ಬಿಳಿ, ಕಪ್ಪು ಎರಡೂ, ರೆಪ್ಪೆಕೂದಲು ಸಮೇತ. ಅಮ್ಮ ಎದುರಿಗೆ ಹೋಗಿ ನಿಂತರು, ಸೆರಗು ಸರಿಮಾಡಿಕೊಂಡರು, ಕೈ ಮುಗಿದೇಬಿಟ್ಟರು.

"ಅಮ್ಮಾ, ಇವನು ದೇವರಲ್ಲ. ಪಂದ್ಯದಲ್ಲಿ ಗೆದ್ದ ರಥ ಓಡಿಸಿದವನು, ಅಷ್ಟೆ."

"ಸಾರಥಿ ಅಂತ ಹೇಳು" ಎಂದರು ಅಮ್ಮ, ಮುಗಿದ ಕೈ ಇಳಿಸದೆ. "ಮತ್ತೆ ಕೃಷ್ಣ ಮಾಡಿದ್ದು ಎಂತ ಕೆಲಸ?"