ಹಿಟ್ಟು ತೊಳಸಿದವರಿಗೆ ಮೊದಲ ಪಂಕ್ತಿ

ಪುಣೆಗೆ ಬಂದು 19 ವರ್ಷವಾಯಿತು. ಮಂಡ್ಯದಿಂದ ಮಳವಳ್ಳಿಗೆ ಹೋಗುವ ದಾರಿಯ ಬದಿಗಿರುವ ನಮ್ಮೂರಿನ ಮಾರಿಹಬ್ಬವನ್ನು ಇಷ್ಟು ವರ್ಷಗಳಲ್ಲಿ ಎರಡೇ ಸಲ ತಪ್ಪಿಸಿದ್ದೇನೆ. ಮೊದಲ ದಿನ ಹೆಂಗಸರು ತಂಬಿಟ್ಟಿನ ಆರತಿ ಹೊತ್ತು ತಮಟೆಯವರ ಹಿಂದೆ ಗುಡಿಗೆ ನಡೆಯುತ್ತಾರೆ. ಮರುದಿನ ಮನೆಮನೆಯಲ್ಲೂ ಬಾಡೂಟ.

ನಮ್ಮ ಕಡೆ ಹಬ್ಬದೂಟಕ್ಕೆ ತಲೆ ಎಣಿಸುವುದಿಲ್ಲ. ನೆಂಟರು ತಮ್ಮ ಗೆಳೆಯರನ್ನು ಕರೆತರುತ್ತಾರೆ, ಅವರನ್ನು ಬಿಡಲು ಬಂದ ಆಟೋದವರನ್ನೂ ಕೂರಿಸಿ ಎಲೆ ಹಾಕುತ್ತೇವೆ. ಯಾರ ಕಡೆಯವರು ಎಂದು ಊಟಕ್ಕೆ ಮೊದಲು ಕೇಳುವಂತಿಲ್ಲ. ಪುಣೆಯಲ್ಲಿ ನಾನಿರುವ ವಸತಿ ಸಮುಚ್ಚಯದಲ್ಲಿ ಗಣಪತಿಯ ಮಹಾಪ್ರಸಾದಕ್ಕೆ ಮನೆಗೆ ಇಷ್ಟೆಂದು ಕೂಪನ್ ಕೊಡುತ್ತಾರೆ. ತಮ್ಮ ಬಂದಿದ್ದ ವರ್ಷ ಅವನಿಗೊಂದು ಕೂಪನ್ ಪಡೆಯಲು ಮೂವರಿಗೆ ಫೋನ್ ಮಾಡಿದೆ. ಊಟಕ್ಕೆ ಬಂದವನ ಲೆಕ್ಕ ಕೇಳುವುದನ್ನು ನಾನು ಇಂದಿಗೂ ಒಪ್ಪಿಕೊಂಡಿಲ್ಲ.

ಆದರೆ ಅದೇ ಅಂಗಳದಲ್ಲಿ ನಾನು ಇನ್ನೊಂದನ್ನು ಕಂಡೆ. ಬೆಳಗಿನ ಜಾವದಿಂದ ಮೋದಕ ಮಾಡಿದ ಹೆಂಗಸರು, ಮಸಾಲೆ ಭಾತಿಗೆ ತರಕಾರಿ ಹೆಚ್ಚಿದವರು, ಎಲ್ಲರೂ ಕೈತೊಳೆದು ಬಂದು ಮೊದಲ ಸಾಲಿನಲ್ಲಿ ಕುಳಿತರು. ಗಂಡಸರು ಬಡಿಸಲು ನಿಂತರು. ಸಮುಚ್ಚಯದ ಅತಿ ಹಿರಿಯ ಕಾಕಾ ಮಜ್ಜಿಗೆಯ ಜಗ್ಗು ಹಿಡಿದು ಸಾಲಿನುದ್ದಕ್ಕೂ ಬಗ್ಗಿ ಬಗ್ಗಿ ನಡೆದರು. ಎಲ್ಲರಿಗೂ ಬಡಿಸಿಯಾದ ಮೇಲೆ 'ಸಾವಕಾಶ ಹೋವೂ ದ್ಯಾ' ಎಂದರು. ನಿಧಾನವಾಗಿ ಆಗಲಿ, ಅವಸರವಿಲ್ಲ ಎಂದರ್ಥ. ಮರಾಠಿ ಮನೆಗಳಲ್ಲೆಲ್ಲ ಹೆಂಗಸರಿಗೆ ಮೊದಲು ಬಡಿಸುತ್ತಾರೆ ಎಂದು ನಾನು ಹೇಳುತ್ತಿಲ್ಲ. ಆ ಒಂದು ಅಂಗಳದಲ್ಲಿ ಹಾಗಿತ್ತು, ನನಗೆ ಅಷ್ಟು ಸಾಕಾಯಿತು.

ಏಕೆಂದರೆ ನನ್ನ ಕಣ್ಣಿಗೆ ಆಗ ಕಟ್ಟಿದ್ದು ಅವ್ವ. ನಮ್ಮಲ್ಲಿ ದೊಡ್ಡ ಊಟಕ್ಕೆ ಬಾಡು ಬೇಯಿಸುವುದು ಗಂಡಸರು, ಮಸಾಲೆ ಅರೆಯುವುದು ಮತ್ತು ಹಿಟ್ಟು ತೊಳಸುವುದು ಹೆಂಗಸರು. ಕುದಿಯುವ ಎಸರಿಗೆ ರಾಗಿಹಿಟ್ಟು ಸುರಿದು, ಅದು ಬೇಯುವವರೆಗೆ ಕಾದು, ಪಾತ್ರೆಯನ್ನು ಕವೆಗೋಲಿನಿಂದ ಒತ್ತಿಹಿಡಿದು, ಗಂಟಿಲ್ಲದಂತೆ ತೊಳಸಬೇಕು. ತಣ್ಣೀರಿನಲ್ಲಿ ಅಂಗೈ ಅದ್ದಿಕೊಂಡು ಆ ಸುಡುವ ಹಿಟ್ಟನ್ನು ಉಂಡೆ ಕಟ್ಟಬೇಕು. ಹಬ್ಬದ ದಿನ ಅವ್ವನ ಅಂಗೈ ಕೆಂಪಾಗಿ ಊದಿಕೊಳ್ಳುತ್ತಿತ್ತು. ಮೊದಲ ಪಂಕ್ತಿ ನೆಂಟ ಗಂಡಸರಿಗೆ, ಎರಡನೆಯದು ಊರಿನವರಿಗೆ, ಮೂರನೆಯದು ಮಕ್ಕಳಿಗೆ. ಎಲ್ಲ ಮುಗಿದು ಮಧ್ಯಾಹ್ನ ನಾಲ್ಕು ದಾಟಿದ ಮೇಲೆ ಅವ್ವ, ದೊಡ್ಡವ್ವ, ಅತ್ತಿಗೆ ಹಿತ್ತಿಲ ಜಗಲಿಯ ಮೇಲೆ ಕೂರುತ್ತಿದ್ದರು. ಸಾರಿನಲ್ಲಿ ಮೂಳೆ ಉಳಿದಿರುತ್ತಿತ್ತು, ಪಾತ್ರೆಯ ತಳಕ್ಕೆ ಹತ್ತಿದ ಸೀಕಲು ಇರುತ್ತಿತ್ತು. ನಾನು ಅದೇ ಜಗಲಿ ದಾಟಿ ಆಡಲು ಓಡುತ್ತಿದ್ದೆ, ಒಂದು ಸಲವೂ ನಿಂತು ನೋಡಲಿಲ್ಲ.

2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಬಾಡೂಟದ ಬೇಡಿಕೆ ಎದ್ದಿತು. ಅದು ನ್ಯಾಯವಾದ ಬೇಡಿಕೆ ಎಂದು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ. ನಾಡಿನ ಹಬ್ಬಕ್ಕೆ ಕರೆದು, ಆ ನೆಲದವರ ಊಟವನ್ನು ಹೊರಗಿಡಬಾರದು. ಆ ದಿನಗಳಲ್ಲಿ ಎಲೆಯ ಮೇಲೆ ಏನಿರಬೇಕು ಎಂದು ಇಡೀ ಜಿಲ್ಲೆ ಮಾತನಾಡಿತು. ಎಲೆಯ ಮುಂದೆ ಯಾರು ಮೊದಲು ಕೂರಬೇಕು ಎಂಬ ಮಾತು ಮಾತ್ರ ನನ್ನ ಕಿವಿಗೆ ಬೀಳಲಿಲ್ಲ. ಅದೂ ಅಷ್ಟೇ ದೊಡ್ಡ ಮಾತು ಎಂಬುದು ನನ್ನ ತಕರಾರು.

ಬಫೆ ಇಟ್ಟರೆ ಈ ತೊಡಕೇ ಇರುವುದಿಲ್ಲ, ಯಾರು ಯಾವಾಗ ಬೇಕಾದರೂ ಹಾಕಿಕೊಳ್ಳಬಹುದು ಎಂದು ಅಣ್ಣನ ಮಗ ಹೇಳುತ್ತಾನೆ. ಮಂಡ್ಯದ ಸಮುದಾಯ ಭವನಗಳ ಬೀಗರೂಟಗಳಲ್ಲೂ ತಟ್ಟೆ ಹಿಡಿದು ನಿಲ್ಲುವ ಸಾಲು ಕಾಣಿಸಿಕೊಂಡಿದೆ. ಅದಕ್ಕೆ ನನ್ನ ಒಪ್ಪಿಗೆಯಿಲ್ಲ. ಮುದ್ದೆ ನಿಂತು ಉಣ್ಣುವ ಊಟವಲ್ಲ. ಚೂರು ಮುರಿದು, ಸಾರಿನಲ್ಲಿ ಹೊರಳಿಸಿ ನುಂಗಬೇಕಾದರೆ ಎಲೆ ಎದುರಿಗೆ ಅಲುಗಾಡದೆ ಇರಬೇಕು, ಕೂತವನಿಗೆ ಪುರುಸೊತ್ತಿರಬೇಕು. ಜೊತೆಗೆ, ಬೇಡವೆಂದು ಕೈ ಅಡ್ಡ ಇಟ್ಟರೂ ಬೆರಳ ಸಂದಿಯಿಂದ ಸಾರು ಬಿಟ್ಟುಹೋಗುವ ಒಬ್ಬ ಮಾವ ಇರಬೇಕು. ಪಂಕ್ತಿ ಉಳಿಯಲಿ, ಸರದಿ ಬದಲಾಗಲಿ.

ಕಳೆದ ಹಬ್ಬದಲ್ಲಿ ಅಣ್ಣನಿಗೆ ಇದನ್ನೇ ಹೇಳಿದೆ. ನೆಂಟರು ಏನೆಂದುಕೊಳ್ಳುತ್ತಾರೋ ಎಂದು ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ, ಆಮೇಲೆ ತಾನೇ ಚಾಪೆ ಹಾಸಿದ. ದೊಡ್ಡವ್ವ ಒಪ್ಪಲಿಲ್ಲ. "ಗಂಡಸರು ಹಸಿದಿರುವಾಗ ನಾವು ಉಣ್ಣುವುದೇ?" ಎಂದು ಒಲೆಯ ಬಳಿಯೇ ನಿಂತರು. ಅವ್ವ ಮಾತನಾಡದೆ ಹೋಗಿ ಕೂತಳು, ಆಮೇಲೆ ಅತ್ತಿಗೆ, ಕೊನೆಗೆ ಗೊಣಗುತ್ತಲೇ ದೊಡ್ಡವ್ವ. ಅಣ್ಣ ಮುದ್ದೆ ಇಟ್ಟ, ನಾನು ಸಾರು ಬಿಟ್ಟೆ. ಅವ್ವ ಮೊದಲ ತುತ್ತಿಗೆ ಕೈ ಹಾಕಿ ತಟ್ಟನೆ ಹಿಂದಕ್ಕೆ ಎಳೆದುಕೊಂಡಳು.

"ಸುಡುತ್ತಿದೆ ಕಣಪ್ಪ," ಎಂದಳು, ಎಲೆಯ ಮೇಲಿನ ಹಬೆಯನ್ನು ಊದುತ್ತಾ.