ಹಳದಿ ಜೆರ್ಸಿ ಬ್ರೆಜಿಲನ್ನು ಒಂದು ಮಾಡುತ್ತದೆಯೇ?

ಬೆಂಗಳೂರಿನ ಹಲಸೂರಿಗೆ ಅಂಟಿಕೊಂಡ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ಇದೆ. ಫುಟ್‌ಬಾಲ್ ವಿಶ್ವಕಪ್ ಬಂತೆಂದರೆ ಅಲ್ಲಿನ ಗಲ್ಲಿಗಳು ಹಳದಿ-ಹಸಿರಾಗುತ್ತವೆ. ಆ ಜಾಗಕ್ಕೆ ಮಿನಿ ಬ್ರೆಜಿಲ್ ಅಂತಲೇ ಹೆಸರು ಬಿದ್ದಿದೆ. ಇಷ್ಟು ದೂರದಲ್ಲಿ ಕೂತವರು ಹೆಮ್ಮೆಯಿಂದ ತೊಡುವ ಅದೇ ಜೆರ್ಸಿಯನ್ನು 2022ರಲ್ಲಿ ಬ್ರೆಜಿಲ್‌ನ ಎಷ್ಟೋ ಮನೆಗಳಲ್ಲಿ ಬೀರುವಿನಿಂದ ಹೊರಗೆ ತೆಗೆಯಲು ಹಿಂದೆಮುಂದೆ ನೋಡಿದರು. ಹಾಗಾದರೆ ರಾಷ್ಟ್ರೀಯ ತಂಡದ ಮೇಲಿನ ಹುಚ್ಚು ಆ ದೇಶವನ್ನು ಒಂದುಗೂಡಿಸುತ್ತದೆ ಅನ್ನುವ ಮಾತು ನಿಜವೇ? ಎರಡೂ ಕಡೆಯ ವಕಾಲತ್ತು ನಾನೇ ವಹಿಸಿದ್ದೇನೆ. ನನ್ನ ಮನಸ್ಸು ಎತ್ತ ವಾಲಿದೆ ಅನ್ನುವುದು ಓದುತ್ತ ಗೊತ್ತಾದರೆ ಆಗಲಿ.

ಪರ

ಬ್ರೆಜಿಲ್‌ನಲ್ಲಿ ಗುಲಾಮಗಿರಿ ರದ್ದಾದದ್ದು 1888ರಲ್ಲಿ. ಆಮೇಲೆ ಆರು ವರ್ಷಕ್ಕೆ, ಇಂಗ್ಲೆಂಡಿನಲ್ಲಿ ಓದಿದ ಚಾರ್ಲ್ಸ್ ಮಿಲ್ಲರ್ ಚೆಂಡು ಹಿಡಿದುಕೊಂಡು ಸಾವೊ ಪೌಲೊಗೆ ಮರಳಿದ ಅನ್ನುತ್ತಾರೆ. ಮೊದಮೊದಲು ಅದು ಉಳ್ಳವರ, ಬಿಳಿಯರ ಕ್ಲಬ್ಬಿನ ಆಟ. 1923ರಲ್ಲಿ ವಾಸ್ಕೊ ದ ಗಾಮಾ ಅನ್ನುವ ಕ್ಲಬ್ಬು ಕಪ್ಪು ಹುಡುಗರನ್ನು, ಕೂಲಿಕಾರರನ್ನು ಕಟ್ಟಿಕೊಂಡು ರಿಯೊ ಲೀಗ್ ಗೆದ್ದಿತು. ದೊಡ್ಡ ಕ್ಲಬ್ಬುಗಳಿಗೆ ಉರಿ. ಮರುವರ್ಷ ಅವು ಬೇರೆ ಲೀಗ್ ಮಾಡಿಕೊಂಡು, ಒಳಗೆ ಬರಬೇಕಾದರೆ ನಿಮ್ಮ ಹನ್ನೆರಡು ಆಟಗಾರರನ್ನು ಕೈಬಿಡಿ ಅಂದವು. ವಾಸ್ಕೊ ಪತ್ರ ಬರೆದು, ಹಾಗಾದರೆ ನಿಮ್ಮ ಲೀಗೇ ಬೇಡ ಅಂದಿತು.

ಅಲ್ಲಿಂದ 1958ಕ್ಕೆ ಬನ್ನಿ. ವಿಶ್ವಕಪ್ ಫೈನಲ್, ಸ್ಟಾಕ್‌ಹೋಮ್ ಹತ್ತಿರದ ಮೈದಾನ, ಎದುರಾಳಿ ಆತಿಥೇಯ ಸ್ವೀಡನ್. ಇಬ್ಬರದೂ ಹಳದಿ ಜೆರ್ಸಿ. ಬದಲಾಯಿಸುವ ಸರದಿ ಬ್ರೆಜಿಲ್‌ಗೆ ಬಂತು, ಆದರೆ ಬೇರೆ ಜೆರ್ಸಿ ತಂದಿರಲಿಲ್ಲ. ಊರಿನ ಅಂಗಡಿಯಲ್ಲಿ ನೀಲಿ ಅಂಗಿ ಕೊಂಡು ತಂದರು. ಹಳದಿ ಜೆರ್ಸಿಯ ಲಾಂಛನ ಬಿಚ್ಚಿ ಅದಕ್ಕೆ ಹೊಲಿದರು. ಆಟಗಾರರ ಮುಖದಲ್ಲಿ ಅಳುಕು ಕಂಡ ತಂಡದ ಮುಖ್ಯಸ್ಥ ಪೌಲೊ ಮಶಾದೊ ಜಿ ಕರ್ವಾಲ್ಯೊ, ಇದು ನಮ್ಮ ದೇಶ ಕಾಯುವ ಅಪರೆಸಿದಾ ಮೇರಿಮಾತೆಯ ಸೆರಗಿನ ಬಣ್ಣ, ಗೆದ್ದೇ ಗೆಲ್ಲುತ್ತೇವೆ ಅಂದನಂತೆ. 5-2ರಿಂದ ಗೆದ್ದರು. ಎರಡು ಗೋಲು ಹೊಡೆದ ಹದಿನೇಳರ ಪೆಲೆ, ಗೋಲ್‌ಕೀಪರ್ ಗಿಲ್ಮಾರನ ಹೆಗಲ ಮೇಲೆ ತಲೆಯಿಟ್ಟು ಅತ್ತ. ಗುಲಾಮರ ಮೊಮ್ಮಕ್ಕಳು, ಮರಿಮಕ್ಕಳು ದೇಶದ ಮುಖವಾದದ್ದು ಆ ಮಧ್ಯಾಹ್ನ. ಕಪ್ಪು ಹುಡುಗ ಪೆಲೆ, ಮೂಲನಿವಾಸಿಗಳ ರಕ್ತವೂ ಇದ್ದ ಸೊಟ್ಟಕಾಲಿನ ಗರಿಂಚಾ, ಇವರಿಬ್ಬರೂ ಜೊತೆಗೆ ಕಣಕ್ಕಿಳಿದಾಗ ಬ್ರೆಜಿಲ್ ಒಂದೇ ಒಂದು ಪಂದ್ಯ ಸೋಲಲಿಲ್ಲ. ಸಂಸತ್ತಾಗಲಿ ವಿಶ್ವವಿದ್ಯಾಲಯವಾಗಲಿ ಅಂಥವರಿಗೆ ಅಷ್ಟು ಬೇಗ ಬಾಗಿಲು ತೆರೆದಿರಲಿಲ್ಲ.

ಆಳುವವರು ಈ ಅಭಿಮಾನವನ್ನು ಬಳಸಿಕೊಂಡರು ಅನ್ನುವುದು ಹಳೆಯ ದೂರು. ಬಳಸಿಕೊಂಡರು, ಒಪ್ಪೋಣ. ಆದರೆ 1970ರ ವಿಶ್ವಕಪ್ ವೇಳೆ ಮಿಲಿಟರಿ ಸರ್ಕಾರದ ಸೆರೆಯಲ್ಲಿದ್ದವರೇ ಏನು ಮಾಡಿದರು ನೋಡಿ. ಆ ವರ್ಷ ಜನವರಿಯಲ್ಲಿ ಬಂಧಿತರಾಗಿ ಚಿತ್ರಹಿಂಸೆ ಉಂಡ ದಿಲ್ಮಾ ರೂಸೆಫ್ ಮುಂದೆ ಅಧ್ಯಕ್ಷೆಯಾದರು. ತಂಡಕ್ಕೆ ಜೈ ಅಂದರೆ ಸರ್ವಾಧಿಕಾರಿಗೆ ಜೈ ಅಂದಂತೆ ಆಗುತ್ತದೋ ಅಂತ ಸೆರೆಮನೆಯೊಳಗೆ ಮೊದಲಿಗೆ ಚರ್ಚೆಯಾಯಿತು, ಆಟ ಶುರುವಾದ ಮೇಲೆ ಹೆಚ್ಚಿನವರೆಲ್ಲ ತಂಡದ ಪರವೇ ಕೂಗಿದೆವು ಅಂತ ಅವರೇ ನೆನೆದಿದ್ದಾರೆ. ಜೈಲಿಗೆ ಹಾಕಿದವನೂ ಜೈಲಿನಲ್ಲಿದ್ದವರೂ ಒಂದೇ ಗೋಲಿಗೆ ಎದ್ದು ನಿಂತದ್ದನ್ನು ಬರೀ ಮಂಕುಬೂದಿ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಇನ್ನು ಬೀದಿಯ ಮಾತು. ವಿಶ್ವಕಪ್‌ಗೆ ಮುಂಚೆ ಅಲ್ಲಿನ ಕೇರಿಗಳಲ್ಲಿ ನಮ್ಮ ಗಣೇಶನ ಹಬ್ಬದ ಗಡಿಬಿಡಿ. ಮನೆಮನೆಗೆ ಚಂದಾ ಎತ್ತಿ ಬಣ್ಣ ತರುತ್ತಾರೆ. ರಸ್ತೆಯ ಡಾಂಬರಿನ ಮೇಲೇ ಧ್ವಜ ಬರೆಯುತ್ತಾರೆ. ಕಂಬದಿಂದ ಕಂಬಕ್ಕೆ ಹಸಿರು-ಹಳದಿ ಪರಪರಿ. ಪಂದ್ಯದ ದಿನ ಬ್ಯಾಂಕು, ಕಚೇರಿ ಬೇಗ ಮುಚ್ಚುತ್ತವೆ. ಮನೆಯೊಳಗಿನ ಟಿವಿ ಬೀದಿಗೆ ಬರುತ್ತದೆ, ಪಕ್ಕದಲ್ಲೇ ಮಾಂಸ ಸುಡುವ ಕೆಂಡ.

1994ರ ಮೇ 1ರಂದು ಕಾರ್ ರೇಸಿನಲ್ಲಿ ಬ್ರೆಜಿಲ್‌ನ ಚಾಂಪಿಯನ್ ಆಯರ್ಟನ್ ಸೆನ್ನಾ ಸತ್ತಾಗ ದೇಶಕ್ಕೆ ಸೂತಕ. ಎರಡೂವರೆ ತಿಂಗಳ ಮೇಲೆ, 24 ವರ್ಷ ಕಾದು ಗೆದ್ದ ವಿಶ್ವಕಪ್ಪನ್ನು ಆಟಗಾರರು ಮೈದಾನದಲ್ಲೇ ಬ್ಯಾನರ್ ಹಿಡಿದು ಅವನಿಗೆ ಅರ್ಪಿಸಿದರು. 2022ರ ಅಕ್ಟೋಬರ್ 30ರ ಚುನಾವಣೆಯಲ್ಲಿ ದೇಶ ಹೆಚ್ಚುಕಡಿಮೆ ಸರಿಯಾಗಿ ಎರಡು ಹೋಳಾಯಿತು: ಎಡಪಂಥದ ಲುಲಾಗೆ ಶೇ. 50.9, ಬಲಪಂಥದ ಬೊಲ್ಸೊನಾರೊಗೆ 49.1. ತಿಂಗಳು ತುಂಬುವ ಮೊದಲೇ ವಿಶ್ವಕಪ್‌ನಲ್ಲಿ ಸರ್ಬಿಯಾ ವಿರುದ್ಧ ರಿಚಾರ್ಲಿಸನ್ ಗಾಳಿಯಲ್ಲಿ ಅಡ್ಡಲಾಗಿ ಮಲಗಿ ಒದ್ದ ಆ ಗೋಲು ಬಂತು. ಆಗ ಪಕ್ಕದವನನ್ನು ತಬ್ಬಿಕೊಂಡವರು, ನಿನ್ನ ಓಟು ಯಾರಿಗೆ ಅಂತ ಕೇಳಿಕೊಂಡು ತಬ್ಬಿದರೇ?

ವಿರೋಧ

ಗೆದ್ದ ದಿನದ ತಬ್ಬುಗೆ ಸರಿ. ಸೋತ ದಿನ ಏನಾಗುತ್ತದೆ ಅಂತ ಬಾರ್ಬೊಸಾನನ್ನು ಕೇಳಬೇಕಿತ್ತು.

1950ರ ಜುಲೈ 16, ರಿಯೊದ ಮರಕಾನಾ ಕ್ರೀಡಾಂಗಣ, ವಿಶ್ವಕಪ್‌ನ ಕೊನೆಯ ಪಂದ್ಯ. ಟಿಕೆಟ್ ಲೆಕ್ಕದಲ್ಲೇ 1,73,850 ಜನ, ನಿಜದಲ್ಲಿ ಎರಡು ಲಕ್ಷದ ಹತ್ತಿರ. ಉರುಗ್ವೆ ಜೊತೆ ಡ್ರಾ ಆದರೂ ಕಪ್ ಬ್ರೆಜಿಲ್‌ನದು. ಪಂದ್ಯಕ್ಕೆ ಮುಂಚೆಯೇ ನಗರದ ಮೇಯರು ಆಟಗಾರರನ್ನು ಚಾಂಪಿಯನ್ನರೇ ಅಂತ ಕರೆದು ಭಾಷಣ ಬಿಗಿದಾಗಿತ್ತು. 1-1 ಆಗಿತ್ತು. 79ನೇ ನಿಮಿಷದಲ್ಲಿ ಬಲಗಡೆಯಿಂದ ನುಗ್ಗಿದ ಗಿಗ್ಗಿಯಾ ಚೆಂಡನ್ನು ನಡುವಿಗೆ ಕೊಡುತ್ತಾನೆ ಅಂದುಕೊಂಡು ಗೋಲ್‌ಕೀಪರ್ ಬಾರ್ಬೊಸಾ ಒಂದು ಹೆಜ್ಜೆ ಆಚೆ ಸರಿದ. ಗಿಗ್ಗಿಯಾ ಅವನಿಗೂ ಕಂಬಕ್ಕೂ ನಡುವಿನ ಸಂದಿಯಲ್ಲಿ ತೂರಿಸಿಬಿಟ್ಟ. ಒಂದೇ ಒಂದು ಹೆಜ್ಜೆ.

ಬಾರ್ಬೊಸಾ ಕಪ್ಪು ಮನುಷ್ಯ. ಬೈಗುಳ ಸುರಿದದ್ದು ಅವನ ಮೇಲೆ, ಬಿಗೋಡಿ ಮೇಲೆ, ಜುವೆನಾಲ್ ಮೇಲೆ. ಮೂವರೂ ಕಪ್ಪು ಆಟಗಾರರು. ವರ್ಷಗಳ ನಂತರ ಅಂಗಡಿಯೊಂದರಲ್ಲಿ ಒಬ್ಬ ತಾಯಿ ಅವನತ್ತ ಬೆರಳು ಮಾಡಿ ಮಗನಿಗೆ, ನೋಡು, ಇಡೀ ಬ್ರೆಜಿಲನ್ನು ಅಳಿಸಿದವನು ಇವನೇ ಅಂದಳಂತೆ. 1993ರಲ್ಲಿ ತಂಡದ ಶಿಬಿರಕ್ಕೆ ಹೋದರೆ ಅಪಶಕುನ ಅಂತ ಒಳಗೇ ಬಿಡಲಿಲ್ಲ. ಈ ದೇಶದಲ್ಲಿ ಅತಿ ದೊಡ್ಡ ಶಿಕ್ಷೆಯೇ 30 ವರ್ಷ, ನಾನು 50 ವರ್ಷ ಅನುಭವಿಸಿದೆ ಅನ್ನುತ್ತಿದ್ದ. 2000ದಲ್ಲಿ ತೀರಿಕೊಂಡ. ಅವನ ನಂತರ ಕಪ್ಪು ಆಟಗಾರನೊಬ್ಬ ವಿಶ್ವಕಪ್‌ನಲ್ಲಿ ಬ್ರೆಜಿಲ್‌ನ ಖಾಯಂ ಗೋಲ್‌ಕೀಪರ್ ಆದದ್ದು 2006ರಲ್ಲಿ, ದಿದಾ. ಪರ ವಾದಿ ಪೆಲೆಯ ಕಣ್ಣೀರನ್ನು ಹತ್ತಿರದಿಂದ ತೋರಿಸಿದ. ಈ ಐವತ್ತು ವರ್ಷ ಅವನ ಕಣ್ಣಿಗೆ ಬೀಳಲಿಲ್ಲವೇ?

ಅಂದಹಾಗೆ ಹಳದಿ ಜೆರ್ಸಿ ಹುಟ್ಟಿದ್ದೂ ಆ ಸೋಲಿನಿಂದಲೇ. ಅಲ್ಲಿಯವರೆಗೆ ತಂಡದ್ದು ಬಿಳಿ ಅಂಗಿ, ನೀಲಿ ಕಾಲರ್. ಅದು ಅಪಶಕುನ ಅಂತಾಗಿ, 1953ರಲ್ಲಿ ಪತ್ರಿಕೆಯೊಂದು ಸ್ಪರ್ಧೆ ಇಟ್ಟಿತು: ಧ್ವಜದ ನಾಲ್ಕೂ ಬಣ್ಣ ಬರಬೇಕು. ಗೆದ್ದವನು ಆಲ್ದಿರ್ ಶ್ಲೀ, 19ರ ಹುಡುಗ. ಉರುಗ್ವೆ ಗಡಿಯ ಜಗ್ವರಾವ್ ಊರಿನವನು. ಅವನ ಅಭಿಮಾನವೆಲ್ಲ ಉರುಗ್ವೆ ತಂಡದ ಮೇಲೆ! ಇದು ವಾದಕ್ಕೆ ಅಷ್ಟೇನೂ ಉಪಯೋಗವಿಲ್ಲ, ಆದರೂ ಹೇಳದೆ ಇರಲಾಗಲಿಲ್ಲ.

1970ರ ವಿಷಯ. ಕೋಚ್ ಜೊವಾವ್ ಸಲ್ದಾನ್ಯಾ ಕಮ್ಯುನಿಸ್ಟ್. ಅಧ್ಯಕ್ಷ ಜನರಲ್ ಮೆಡಿಚಿಗೆ ದಾರಿಯೊ ಅನ್ನುವ ಆಟಗಾರನ ಮೇಲೆ ಪ್ರೀತಿ. ಅವರ ಮಂತ್ರಿಗಳನ್ನು ನಾನು ಆರಿಸುವುದಿಲ್ಲ, ನನ್ನ ತಂಡವನ್ನು ಅವರು ಆರಿಸುವುದು ಬೇಡ ಅನ್ನುವ ಅರ್ಥದ ಮಾತಾಡಿದ ಸಲ್ದಾನ್ಯಾ ಮಾರ್ಚ್‌ನಲ್ಲಿ ಕೆಲಸ ಕಳೆದುಕೊಂಡರು. ಕಾರಣಗಳು ಬೇರೆಯೂ ಇದ್ದವು ಅನ್ನುವವರಿದ್ದಾರೆ. ದಾರಿಯೊ ಮಾತ್ರ ಮೆಕ್ಸಿಕೊಗೆ ಹೋದ, ಒಂದು ನಿಮಿಷವೂ ಆಡದೆ ಬಂದ. ಕಪ್ ಬಂದ ಮೇಲೆ ಮೆಡಿಚಿ ಅದನ್ನು ಎತ್ತಿ ಹಿಡಿದು ಫೋಟೊ ತೆಗೆಸಿಕೊಂಡ. ಅದೇ ಸರ್ಕಾರದ ಘೋಷಣೆ: ಬ್ರೆಜಿಲ್, ಪ್ರೀತಿಸು ಇಲ್ಲವೇ ಬಿಟ್ಟು ಹೋಗು. ದಿಲ್ಮಾ ಕೂಗಿದ್ದು ನಿಜ. ಕೂಗಿದ್ದಕ್ಕೆ ಯಾರೂ ಅವರನ್ನು ಬಿಡುಗಡೆ ಮಾಡಲಿಲ್ಲ, 1972ರ ಕೊನೆಯವರೆಗೂ ಸೆರೆಯಲ್ಲೇ ಇದ್ದರು.

ಒಂದುಗೂಡುವ ಈ ದೇಶದಲ್ಲಿ ಅರ್ಧದಷ್ಟು ಜನಕ್ಕೆ ಆಟವೇ ನಿಷಿದ್ಧವಾಗಿತ್ತು ಅನ್ನುವುದನ್ನು ಪರ ವಾದ ಮರೆತೇಬಿಟ್ಟಿತು. 1941ರ ಸರ್ಕಾರಿ ಆಜ್ಞೆ, ಹೆಂಗಸರ ಸ್ವಭಾವಕ್ಕೆ ಒಗ್ಗದ ಆಟಗಳನ್ನು ಅವರು ಆಡಕೂಡದು ಅಂದಿತು. ತೆಗೆದದ್ದು 1979ರಲ್ಲಿ. ಅಂಥ ದೇಶದ ಆಟಗಾರ್ತಿ ಮಾರ್ತಾ ವಿಶ್ವಕಪ್‌ಗಳಲ್ಲಿ 17 ಗೋಲು ಹೊಡೆದಿದ್ದಾಳೆ, 2023ರವರೆಗೆ ಗಂಡಸರೂ ಸೇರಿ ಯಾರೂ ಅಷ್ಟು ಹೊಡೆದಿರಲಿಲ್ಲ.

ಬ್ರೆಜಿಲ್‌ನಲ್ಲೇ ನಡೆದ 2014ರ ವಿಶ್ವಕಪ್‌ಗೆ ಹನ್ನೆರಡು ಕ್ರೀಡಾಂಗಣ ಕಟ್ಟಿದರು, ನವೀಕರಿಸಿದರು. ಅಮೆಜಾನ್ ಕಾಡಿನ ನಡುವಿನ ಮನಾವ್ಸ್‌ನಲ್ಲಿ ನಾಲ್ಕೇ ಪಂದ್ಯಕ್ಕೆ ಒಂದು. ಬ್ರೆಜಿಲಿಯಾದ ಕ್ರೀಡಾಂಗಣದ ಅಂಗಳ ಮರುವರ್ಷ ಬಸ್ಸು ನಿಲ್ಲಿಸುವ ಜಾಗವಾಯಿತು. ವಿಶ್ವಕಪ್‌ಗೆ ಒಂದು ವರ್ಷ ಮುಂಚೆ, ಬಸ್ ದರ 20 ಸೆಂಟಾವೊ ಏರಿದ್ದಕ್ಕೆ ಬೀದಿಗಿಳಿದ ಜನ ಕೈಯಲ್ಲಿ ಬರೆದು ಹಿಡಿದಿದ್ದ ಫಲಕ: ಫೀಫಾ ದರ್ಜೆಯ ಆಸ್ಪತ್ರೆ ಕೊಡಿ. ಆಮೇಲೆ ಬೆಲೊ ಹೊರಿಜಾಂಚಿಯ ಸೆಮಿಫೈನಲ್‌ನಲ್ಲಿ ಜರ್ಮನಿ ಎದುರು 7-1ರ ಸೋಲು. ನಮ್ಮಲ್ಲಿ ಆಗ ನಡುರಾತ್ರಿ ದಾಟಿತ್ತು. ಆರು ನಿಮಿಷದಲ್ಲಿ ನಾಲ್ಕು ಗೋಲು ಬಿದ್ದಾಗ ನಾನು ರಿಪ್ಲೇ ತೋರಿಸುತ್ತಿದ್ದಾರೆ ಅಂದುಕೊಂಡೆ. ಬ್ರೆಜಿಲ್‌ನಲ್ಲಿ ಇವತ್ತಿಗೂ ಏನಾದರೂ ಎಡವಟ್ಟಾದರೆ 'ದಿನಕ್ಕೊಂದು 7-1' ಅನ್ನುತ್ತಾರೆ. ದುಃಖವನ್ನು ಗಾದೆ ಮಾಡಿಕೊಂಡ ಜನ, ಮೆಚ್ಚಬೇಕು.

ಜೆರ್ಸಿಯ ಬಣ್ಣ ನಿಜವಾಗಿ ಕೆಟ್ಟದ್ದು ಅದರ ನಂತರ. ದಿಲ್ಮಾ ಇಳಿಯಲಿ ಅಂತ 2015-16ರಲ್ಲಿ ಬೀದಿಗೆ ಬಂದವರು ತೊಟ್ಟದ್ದು ಹಳದಿ. ಬೊಲ್ಸೊನಾರೊ ಸಭೆಗಳಲ್ಲಿ ಹಳದಿ. 2023ರ ಜನವರಿ 8ರಂದು ಸಂಸತ್ತು, ಸುಪ್ರೀಂ ಕೋರ್ಟು, ಅಧ್ಯಕ್ಷರ ಅರಮನೆಗೆ ನುಗ್ಗಿ ಗಾಜು ಒಡೆದವರಲ್ಲೂ ಹಳದಿ ತೊಟ್ಟವರೇ ತುಂಬಿದ್ದರು. ತಂಡದ ತಾರೆ ನೇಮಾರ್ 2022ರ ಚುನಾವಣೆಗೆ ಮುಂಚೆ ಬಹಿರಂಗವಾಗಿ ಬೊಲ್ಸೊನಾರೊ ಪರ ನಿಂತ. ಹಳದಿ ತೊಡಲು ನಾಚಬೇಡಿ, ಅದು ಎಲ್ಲರದು ಅಂತ ಲುಲಾ ಜನರಿಗೆ ಹೇಳಬೇಕಾಗಿ ಬಂತು. ರಿಚಾರ್ಲಿಸನ್ ಗೋಲಿಗೆ ತಬ್ಬಿಕೊಂಡರು ಅನ್ನುತ್ತೀರಲ್ಲ, ಆ ಗೋಲಿನ ಆರೇಳು ವಾರಕ್ಕೇ ಈ ದಾಂಧಲೆ.

2025ರ ಏಪ್ರಿಲ್‌ನಲ್ಲಿ ತಂಡದ ಎರಡನೇ ಜೆರ್ಸಿ ನೀಲಿಯ ಬದಲು ಕೆಂಪಾಗಲಿದೆ ಅಂತ ಸುದ್ದಿ ಹಬ್ಬಿತು. ಸಂಪ್ರದಾಯ ಕೆಟ್ಟಿತು ಅಂತ ಎಲ್ಲ ಕಡೆಯವರೂ ಗೊಣಗಿದರು. ಬಲಪಂಥೀಯರು ಮಾತ್ರ, ಇದು ಲುಲಾ ಪಕ್ಷದ ಬಣ್ಣ ಅಂತ ಬೊಬ್ಬೆ ಹಾಕಿದರು. ಕೊನೆಗೆ ಫುಟ್‌ಬಾಲ್ ಒಕ್ಕೂಟ, ಓಡಾಡುತ್ತಿರುವ ಚಿತ್ರಗಳು ಅಧಿಕೃತವಲ್ಲ, ನಮ್ಮದು ಹಳದಿ ಮತ್ತು ನೀಲಿಯೇ ಅಂತ ಹೇಳಿಕೆ ಕೊಟ್ಟಿತು. ಸ್ಟಾಕ್‌ಹೋಮಿನ ಅಂಗಡಿಯಲ್ಲಿ ಆ ನೀಲಿ ಅಂಗಿಗಳನ್ನು ಕೊಂಡಾಗ ಮಶಾದೊ ಜಿ ಕರ್ವಾಲ್ಯೊಗೆ ಇದ್ದದ್ದು ಒಂದೇ ಚಿಂತೆ, ಫೈನಲ್‌ನೊಳಗೆ ಲಾಂಛನ ಹೊಲಿದು ಮುಗಿಯುತ್ತದೋ ಇಲ್ಲವೋ ಅನ್ನುವುದು.